ತ್ರೀ ನಾಟ್ ತ್ರೀ ನೋಡಿ ಫೋಟೋದ ವರ್ಷ ಹಿಡಿದದ್ದು

ಬಂದೂಕು ನೋಡಿ ಫೋಟೋದ ವರ್ಷ ಹೇಳೋಕೆ ಆಗಲ್ಲ ಅಂತ ಐದಾರು ವರ್ಷ ಕೇಳಿಸಿಕೊಂಡಿದ್ದೇನೆ. ಹಳೆ ಫೋಟೋ ಮಾರುವವರು ಹೇಳಿದರು. ಇತಿಹಾಸ ಪಾಠ ಮಾಡುವ ಮೇಷ್ಟ್ರೊಬ್ಬರು ಎಲ್ಲರೆದುರೇ ಹೇಳಿದರು. ಹೋದ ವರ್ಷ ಅದು ಆಗಿಯೇ ಹೋಯಿತು, ಅದೂ ಪೆನ್ಸಿಲ್ಲಿನಲ್ಲಿ ಬರೆದ ತಾರೀಖಿನ ಸಾಕ್ಷಿಯೊಂದಿಗೆ.

ನಾನು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ ತ್ರೀ ನಾಟ್ ತ್ರೀ (.303) ರೈಫಲ್ ಬಿಚ್ಚಿ ಒರೆಸಿ ಜೋಡಿಸುವುದರಲ್ಲೇ ಅರ್ಧ ಆಯಸ್ಸು ಕಳೆದಿದೆ. ಕತ್ತಲಲ್ಲಿ ಕೊಟ್ಟರೂ ಯಾವ ಮಾರ್ಕ್, ಅಂದರೆ ಯಾವ ಮಾದರಿ ಅಂತ ಕೈಯೇ ಹೇಳುತ್ತೆ. ಆ ಕೈಯ ಅರಿವನ್ನು ಫೋಟೋ ಮೇಲೆ ತಂದದ್ದಷ್ಟೇ ನನ್ನ ಕೆಲಸ.

ಫೋಟೋ ಬೆಂಗಳೂರಿನ ಒಂದು ಮನೆಯದ್ದು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಹತ್ತು ಹನ್ನೆರಡು ಸವಾರರು, ನಡುವೆ ಕುರ್ಚಿಯ ಮೇಲೆ ಒಬ್ಬ ಇಂಗ್ಲಿಷ್ ಅಧಿಕಾರಿ. "ನಮ್ಮ ಮುತ್ತಾತ 1914ರಲ್ಲಿ ಹಡಗು ಹತ್ತೋಕೆ ಮುಂಚೆ ತೆಗೆಸಿದ್ದು ಸರ್" ಎಂದರು ಮನೆಯವರು. ವ್ಯಾಪಾರಿಯೊಬ್ಬರು 1911ರ ದೆಹಲಿ ದರ್ಬಾರಿನದ್ದು ಅಂದಿದ್ದರಂತೆ. ದರ್ಬಾರ್ ಅಂದರೆ ಬೆಲೆ ಜಾಸ್ತಿ ಅಲ್ವಾ. ನಾಲ್ಕು ಸಾವಿರಕ್ಕೆ ಕೇಳಿದ್ದರು, ಪುಣ್ಯಕ್ಕೆ ಮನೆಯವರು ಕೊಡಲಿಲ್ಲ.

ಮೊದಮೊದಲು ಎಲ್ಲಾ ಕೈಕೊಟ್ಟಿತು. ಮೊಬೈಲ್‌ನಲ್ಲಿ ತೆಗೆದರೆ ಬಂದೂಕಿನ ಜಾಗದಲ್ಲಿ ಬರೀ ಕಪ್ಪು ಪಟ್ಟಿ. ಪೇಟೆಯ ಒಂದು ಲ್ಯಾಬ್‌ನವರು ಪ್ರಿಂಟಿಗೆ ಎಂಟುನೂರು ತೆಗೆದುಕೊಂಡು ಅಂಚು ಕತ್ತರಿಸಿ ಸ್ಕ್ಯಾನ್ ಕೊಟ್ಟರು. ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿ, ಬಯೊನೆಟ್, ಇದ್ದದ್ದೇ ಆ ಅಂಚಿನಲ್ಲಿ! ಆಮೇಲೆ ಹಳೆ ಫೋಟೋ ಚೊಕ್ಕ ಮಾಡುವ ಎಐ ಸಾಫ್ಟ್‌ವೇರ್‌ಗೆ ಎರಡು ಸಾವಿರದಷ್ಟು ಕಟ್ಟಿದೆ. ಅದು ಮುಖವನ್ನೇನೋ ಚೆನ್ನಾಗಿ ಮಾಡಿತು. ಬಂದೂಕಿನಲ್ಲಿ ಮಾತ್ರ ಇಲ್ಲದ ಭಾಗ ಸೃಷ್ಟಿಸಿತು. ಗುಂಡು ತುಂಬಲು ಎಳೆಯುವ ಬೋಲ್ಟ್ ಹಿಡಿ ಒಬ್ಬ ಸವಾರನ ರೈಫಲ್‌ಗೆ ಎರಡು! ಸಾಕ್ಷಿ ಹುಡುಕುವವರು ದಯವಿಟ್ಟು ಇಂಥದ್ದರ ಹತ್ತಿರ ಹೋಗಬೇಡಿ.

ಕೊನೆಗೆ ಹನ್ನೆರಡು ಸಾವಿರದ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ತಂದೆ. ಮೂಲ ಪ್ರಿಂಟನ್ನೇ 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕೆಯಂತೆ ಹಾಕಿದೆ. ಹಳೆ ಪ್ರಿಂಟಿನ ಕಪ್ಪು ಜಾಗದಲ್ಲಿ, ಪ್ರಿಂಟಿನೊಳಗಿನ ಬೆಳ್ಳಿ ಮೇಲೆದ್ದು ನೀಲಿ ಹೊಳಪು ಬಂದಿರುತ್ತೆ. ಲೋಹದ ವಿವರ ಅಡಗಿರುವುದೂ ಅಲ್ಲೇ. ಆ ಹೊಳಪು ಹೊಡೆಯದ ಹಾಗೆ ದೀಪ ಇಡುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈಗ ಬಂದೂಕಿಗೆ ಬರೋಣ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾಲಾಳಿಗೂ ಸವಾರನಿಗೂ ಒಂದೇ ಗಿಡ್ಡ ರೈಫಲ್ ಮಾಡಿದರು. ನಮ್ಮ ತ್ರೀ ನಾಟ್ ತ್ರೀ ಅದೇ. ಸುಮಾರು 113 ಸೆಂಟಿಮೀಟರ್ ಉದ್ದ, ಮೂತಿಯವರೆಗೂ ಮರ, ತುದಿ ಮೊಂಡು. ಅದಕ್ಕೆ ಮುಂಚಿನ ಲಾಂಗ್ ಲೀ ಎನ್‌ಫೀಲ್ಡ್‌ನಲ್ಲಿ ನಳಿಗೆ ಮರದಿಂದ ಮುಂದೆ ಚಾಚಿರುತ್ತೆ. ಇಷ್ಟನ್ನು ಎಲ್ಲರೂ ನೋಡುತ್ತಾರೆ, ನೋಡಿ "1907ರ ಮಾರ್ಕ್ 3, ಹಾಗಾಗಿ 1907ರ ಫೋಟೋ" ಅಂದುಬಿಡುತ್ತಾರೆ. ಮೇಷ್ಟ್ರು ಈ ವಿಧಾನವನ್ನು ಬೈದದ್ದು ಇದನ್ನು ನೋಡಿಯೇ. ಆ ಮಟ್ಟಿಗೆ ಅವರು ಸರಿ. 1857ರ ನಂತರ ಭಾರತೀಯ ಪಡೆಗಳಿಗೆ ಒಂದು ತಲೆಮಾರು ಹಳೆಯ ಬಂದೂಕು ಕೊಡುವುದು ಬಹಳ ಕಾಲ ರೂಢಿಯಲ್ಲಿತ್ತು. ತ್ರೀ ನಾಟ್ ತ್ರೀಯಂತೂ ಎಷ್ಟು ವರ್ಷ ಬಾಳಿತು ಅಂದರೆ, ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ. ಹಳೇ ಭಾಗ ಕಂಡರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ನಾನು ನೋಡುವುದು ಯಾವ ಭಾಗ ಹೋಗಿದೆ, ಯಾವುದು ಹೊಸದಾಗಿ ಸೇರಿದೆ ಅಂತ.

1907ರ ಮಾದರಿಯ ಬಯೊನೆಟ್‌ಗೆ ಮೊದಲು ಹಿಡಿಯ ಹತ್ತಿರ ಬಾಗಿದ ಕೊಕ್ಕೆ ಇತ್ತು. 1913ರಲ್ಲಿ ಅದನ್ನು ತೆಗೆದರು, ಹಳೆಯವುಗಳದ್ದನ್ನೂ ಎಷ್ಟೋ ಕಡೆ ಕತ್ತರಿಸಿದರು. ನಮ್ಮ ಫೋಟೋದಲ್ಲಿ ಕೊಕ್ಕೆ ಇಲ್ಲ. ಅಲ್ಲಿಗೆ ದರ್ಬಾರ್ ಮಾತು ಮುಗಿಯಿತು.

ಇನ್ನು ಎಡಗಡೆ ಮರದ ಮೇಲಿನ ವಾಲಿ ಸೈಟ್. ದೂರದ ಗುಂಪಿಗೆ ಎಲ್ಲರೂ ಒಟ್ಟಿಗೆ ಗುಂಡು ಹಾರಿಸಲು ಇದ್ದ ದುಂಡನೆಯ ಬಿಲ್ಲೆ ಅದು. ಯುದ್ಧದ ಒತ್ತಡದಲ್ಲಿ ಬೇಗ ಬೇಗ ರೈಫಲ್ ಬೇಕಾದಾಗ ಅದನ್ನೂ, ಮ್ಯಾಗಜಿನ್‌ನಿಂದ ಗುಂಡು ಬರದಂತೆ ತಡೆಯುವ ಕಟ್ ಆಫ್ ತಗಡನ್ನೂ ಕೈಬಿಟ್ಟು ಮಾರ್ಕ್ 3 ಸ್ಟಾರ್ ಮಾಡಿದರು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1916ರ ಶುರುವಿನಲ್ಲಿ. ಮುಂದಿನ ಸಾಲಿನ ಇಬ್ಬರು ಎಡಗಡೆ ಕಾಣುವಂತೆ ಹಿಡಿದಿದ್ದಾರೆ. ಬಿಲ್ಲೆ ಇಲ್ಲ. ಬಲಗಡೆ ಕಾಣುವ ಒಬ್ಬರದ್ದರಲ್ಲಿ ಕಟ್ ಆಫ್ ಗುಂಡಿಯೂ ಇಲ್ಲ. ಒಂದರಲ್ಲಿ ಬಿಲ್ಲೆ ಇಲ್ಲದಿದ್ದರೆ ರಿಪೇರಿ ಅನ್ನಬಹುದಿತ್ತು. ಮೂರು ರೈಫಲ್ ಒಂದೇ ಮಾತು ಹೇಳಿದರೆ ನಾನು ನಂಬುತ್ತೇನೆ.

ಅಧಿಕಾರಿಯ ಸೊಂಟದಲ್ಲಿ ವೆಬ್ಲಿ ರಿವಾಲ್ವರ್. ಚರ್ಮದ ಚೀಲದಿಂದ ಹಿಡಿ ಮಾತ್ರ ಹೊರಗಿದೆ, ನನಗೆ ಅಷ್ಟು ಸಾಕು. ಹಳೆ ವೆಬ್ಲಿ ಹಿಡಿ ಹಕ್ಕಿಯ ಕೊಕ್ಕಿನ ಹಾಗೆ ಬಾಗಿರುತ್ತೆ. 1915ರ ಮೇ ತಿಂಗಳಲ್ಲಿ ಬಂದ ಮಾರ್ಕ್ 6ರಲ್ಲಿ ಅದು ಚೌಕ. ಇವರದ್ದು ಚೌಕ. ಸೈನ್ಯದ ಫೋಟೋಗಳಲ್ಲಿ ಎಲ್ಲರೂ ರೈಫಲ್ಲನ್ನೇ ದಿಟ್ಟಿಸುತ್ತಾರೆ. ನನ್ನ ಕೇಳಿದರೆ ಪಿಸ್ತೂಲಿನ ಹಿಡಿ ಅದಕ್ಕಿಂತ ಬೇಗ ಬಾಯಿಬಿಡುತ್ತೆ.

ಅಲ್ಲಿಗೆ 1916ಕ್ಕಿಂತ ಮುಂಚೆ ಅಲ್ಲ ಎಂದಾಯಿತು. ಯಾವ ವರ್ಷಕ್ಕಿಂತ ಈಚೆಗಲ್ಲ ಅನ್ನುವ ಗಡಿಯನ್ನು ಬಂದೂಕು ಕೊಡುವುದಿಲ್ಲ, ಅದನ್ನು ಮನೆಯಲ್ಲೇ ಹುಡುಕಬೇಕು. ಫೋಟೋದಲ್ಲಿದ್ದ ಒಬ್ಬರು 1918ರಲ್ಲಿ, ಈಗಿನ ಇಸ್ರೇಲಿನ ಹೈಫಾ ಬಂದರಿಗಾಗಿ ಈ ಪಡೆಯೂ ಹೋರಾಡಿದ ಕಾಳಗಕ್ಕಿಂತ ಮುಂಚೆಯೇ ಜ್ವರ ಬಂದು ತೀರಿಕೊಂಡರಂತೆ. ಹೈಫಾ ಹಿಡಿದದ್ದು ಅದೇ ವರ್ಷ ಸೆಪ್ಟೆಂಬರ್ 23ಕ್ಕೆ. ಅಂದರೆ ಪಡೆ 1914ರಲ್ಲಿ ಹೊರಟು ಈಜಿಪ್ಟ್ ಕಡೆ ಇದ್ದಾಗಲೇ ತೆಗೆಸಿದ್ದು ಅಂತ ಬರೆದುಕೊಟ್ಟೆ. ಮೇಷ್ಟ್ರು ನಂಬಲಿಲ್ಲ. ಮನೆಯವರಿಗೂ ಸ್ವಲ್ಪ ಬೇಜಾರಾಯಿತು, ಹೊರಡುವ ದಿನದ ಫೋಟೋ ಅಂತಲೇ ಗೋಡೆಗೆ ಹಾಕಿದ್ದರಲ್ಲ.

ಆಮೇಲೆ ಶ್ರೀರಂಗಪಟ್ಟಣದ ಕಡೆಯ ಅವರ ನೆಂಟರ ಪೆಟ್ಟಿಗೆಯಲ್ಲಿ ಇದೇ ಫೋಟೋದ ಇನ್ನೊಂದು ಪ್ರಿಂಟ್ ಸಿಕ್ಕಿತು. ಹಿಂದೆ ಪೆನ್ಸಿಲ್ಲಿನಲ್ಲಿ ಕೈರೋ, 1917. ಮೇಷ್ಟ್ರು ಫೋನ್ ಮಾಡಿ "ನಿಮ್ಮ ವಿಧಾನ ನಮ್ಮ ಹುಡುಗರಿಗೂ ಹೇಳಿಕೊಡಿ" ಅಂದರು. ಅವತ್ತು ನನಗೆ ಆದ ಖುಷಿ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಇದರ ಜೊತೆ ಇನ್ನೊಂದು ಪ್ರಯೋಗ ನಡೆದಿದೆ. ಮರಗೆಲಸದವರ ಹತ್ತಿರ ಪ್ಲೈವುಡ್ಡಿನಲ್ಲಿ 113 ಸೆಂಟಿಮೀಟರ್ ಉದ್ದದ ಆಕಾರ ಕೊಯ್ಯಿಸಿದೆ. ಮರ, ಕೂಲಿ ಸೇರಿ ಸಾವಿರದೈನೂರರ ಹತ್ತಿರ ಬಿತ್ತು. ಮೊಮ್ಮಗನ ಕೈಗೆ ಕೊಟ್ಟು ಬೇರೆ ಬೇರೆ ಓರೆಯಲ್ಲಿ ಫೋಟೋ ತೆಗೆದೆ. ರೈಫಲ್ ಓರೆಯಾದಷ್ಟೂ ಉದ್ದ ಗಿಡ್ಡ ಕಾಣುತ್ತೆ, ಆದರೆ ಮೂತಿಯಿಂದ ಹಿಂದಿನ ಸೈಟ್‌ವರೆಗಿನ ಪಾಲು ಅಷ್ಟಾಗಿ ಬದಲಾಗುವುದಿಲ್ಲ. ಈ ಲೆಕ್ಕದಲ್ಲಿ ಸವಾರರ ಎತ್ತರ ಕೂಡ ಹಿಡಿಯಬಹುದು, ಎರಡು ಮೂರು ಇಂಚು ಆಚೀಚೆ. ಇನ್ನೊಂದು ಮಾತು. ಬೋಲ್ಟ್ ಹಿಡಿ ರೈಫಲ್ಲಿನ ಎಡಗಡೆ ಕಂಡರೆ ಗಾಬರಿಯಾಗಬೇಡಿ, ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದ್ದಾರೆ ಅಷ್ಟೇ.

ಹಿಂದಿನ ಸಾಲಿನ ಕೊನೆಯವರ ಕೈಯಲ್ಲಿರುವುದು ಮಾತ್ರ ತ್ರೀ ನಾಟ್ ತ್ರೀ ಅಲ್ಲ. ನಳಿಗೆ ಮರ ದಾಟಿ ಹೊರಬಂದಿದೆ, ಬೋಲ್ಟ್ ಹಿಡಿ ನೆಟ್ಟಗೆ ಪಕ್ಕಕ್ಕೆ ಚಾಚಿದೆ. ನನ್ನ ಅಳತೆಗೆ 124 ಸೆಂಟಿಮೀಟರ್ ಆಸುಪಾಸು ಬರುತ್ತಿದೆ. ಅದು ತುರ್ಕಿಯವರ 1903ರ ಮೌಸರ್ ಅಳತೆ, ಸೂಯೆಜ್ ಕಡೆ ವಶವಾದದ್ದಿರಬಹುದು. ಅದೇ ಉದ್ದಕ್ಕೆ ಎರಡನೇ ಪ್ಲೈವುಡ್ ಕೊಯ್ಯಲು ಕೊಟ್ಟಿದ್ದೇನೆ.