ಅಪೋಸ್ಟಿಲ್ ಹಾಕಿಸುವ ಮುಂಚೆ ಸಹಿ ಯಾರದ್ದು ಅಂತ ನೋಡಿ

ಹೊರದೇಶದ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದ ನನ್ನ ಡಿಗ್ರಿ ಸರ್ಟಿಫಿಕೇಟ್ ತಿರಸ್ಕಾರವಾಗಿ ವಾಪಸ್ ಬಂತು. ಎಲ್ಲಿ ತಪ್ಪಾಯ್ತು ಅಂತ ಎಷ್ಟು ಹೊತ್ತು ನೋಡಿದರೂ ಗೊತ್ತಾಗಲಿಲ್ಲ. ಅಪೋಸ್ಟಿಲ್ (ಹೊರದೇಶಕ್ಕೆ ಹೋಗುವ ಕಾಗದದ ಸಹಿ, ಸೀಲು ಅಸಲಿ ಅಂತ ಸರ್ಕಾರಿ ಕಚೇರಿ ಕೊಡುವ ದೃಢೀಕರಣ) ಇತ್ತು, ಸೀಲು ಇತ್ತು, ನಂಬರ್ ಇತ್ತು. ಎಲ್ಲವೂ ಅಸಲಿಯೇ. ಕೊನೆಗೆ ಅಪೋಸ್ಟಿಲ್‌ನ ಎರಡನೇ ಸಾಲು ಓದಿದೆ. ಅಲ್ಲಿ ನನ್ನ ಸರ್ಟಿಫಿಕೇಟಿಗೆ ಸಹಿ ಹಾಕಿದ ಕುಲಪತಿಗಳ ಹೆಸರಿರಲಿಲ್ಲ, ನೋಟರಿಯ ಹೆಸರಿತ್ತು.

ಆಗಿದ್ದು ಇಷ್ಟು. ಮೂಲ ಪ್ರತಿ ಎಲ್ಲಿ ಕಳೆದುಹೋಗುತ್ತೋ ಅನ್ನುವ ಭಯಕ್ಕೆ ನಾನು ಜೆರಾಕ್ಸ್ ಮಾಡಿಸಿ, ಅದರ ಮೇಲೆ ನೋಟರಿ ಸಹಿ ಹಾಕಿಸಿ, ಆ ಪ್ರತಿಯನ್ನೇ ಕೊಟ್ಟಿದ್ದೆ. ಹಾಗಾಗಿ ಅಪೋಸ್ಟಿಲ್ ಸಿಕ್ಕಿದ್ದು ನೋಟರಿಯ ಸಹಿಗೆ. ನನ್ನ ಪದವಿಯ ಬಗ್ಗೆ ಅದು ಏನೂ ಹೇಳುತ್ತಿರಲಿಲ್ಲ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಓಡಾಟ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಪೋಸ್ಟಿಲ್ ಅಂದರೆ ಕಾಗದದಲ್ಲಿ ಬರೆದಿದ್ದೆಲ್ಲ ನಿಜ ಅನ್ನುವ ಖಾತರಿ ಅಲ್ಲ. ಸಹಿ ಅಸಲಿ, ಸಹಿ ಹಾಕಿದವರು ಆ ಹುದ್ದೆಯಲ್ಲೇ ಹಾಕಿದ್ದಾರೆ, ಸೀಲು ಅದೇ ಕಚೇರಿಯದ್ದು. ಅಷ್ಟನ್ನೇ ಅದು ಹೇಳುವುದು. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ ಬಂದ ಪದ್ಧತಿ ಇದು. ಒಪ್ಪಂದಕ್ಕೆ ಸೇರಿದ ಎಲ್ಲ ದೇಶದಲ್ಲೂ ಒಂದೇ ನಮೂನೆ: ಒಂದು ಚೌಕ, ನಂಬರ್ ಹಾಕಿದ ಹತ್ತು ಸಾಲು. ಮೊದಲ ನಾಲ್ಕು ನಿಮ್ಮ ಕಾಗದದ ಬಗ್ಗೆ. ಯಾವ ದೇಶದ್ದು, ಯಾರು ಸಹಿ ಹಾಕಿದ್ದು, ಯಾವ ಹುದ್ದೆಯಲ್ಲಿ, ಯಾರ ಸೀಲು. ಉಳಿದ ಆರು ಅಪೋಸ್ಟಿಲ್ ಬಗ್ಗೆ. ಎಲ್ಲಿ ಕೊಟ್ಟಿದ್ದು, ಯಾವತ್ತು, ಯಾರು, ನಂಬರ್ ಎಷ್ಟು, ಅವರ ಸೀಲು, ಅವರ ಸಹಿ. ಕೈಗೆ ಸಿಕ್ಕ ಕೂಡಲೇ ಎರಡು ಮತ್ತು ಮೂರನೇ ಸಾಲು ಓದಿ, ಮೂಲ ಕಾಗದದ ಸಹಿಯ ಪಕ್ಕ ಇಟ್ಟು ನೋಡಿ. ನಾನು ಮಾಡದೇ ಬಿಟ್ಟಿದ್ದು ಅದನ್ನೇ.

ಈಗ ಕೆಲಸದ ವಿಷಯ. ಮೊದಲು ಯಾವ ಕಚೇರಿಗೂ ಹೋಗಬೇಡಿ. ಕಾಗದ ಕೇಳಿದವರಿಗೆ ಒಂದು ಮೇಲ್ ಬರೆಯಿರಿ. ಮೂಲ ಪ್ರತಿಗೇ ಅಪೋಸ್ಟಿಲ್ ಬೇಕೋ, ನೋಟರಿ ಮಾಡಿದ ನಕಲಿಗೆ ಸಾಕೋ? ಕಾಗದ ಎಷ್ಟು ಹೊಸದಿರಬೇಕು? ಅನುವಾದ ಬೇಕೋ, ಯಾರು ಮಾಡಿದ್ದನ್ನು ಒಪ್ಪುತ್ತಾರೆ? ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಬೇರೆಯೇ ಹೇಳುತ್ತಾರೆ.

ಕಾಗದ ಎಷ್ಟು ಹೊಸದು ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ. ಒಪ್ಪಂದದಲ್ಲಿ ಅಪೋಸ್ಟಿಲ್‌ಗೆ ಅವಧಿ ಅಂತ ಇಲ್ಲ. ಆದರೆ ಪೊಲೀಸ್ ಪ್ರಮಾಣಪತ್ರ, ಅವಿವಾಹಿತ ಪ್ರಮಾಣಪತ್ರದಂಥವು ಇಷ್ಟೇ ತಿಂಗಳ ಒಳಗಿನವು ಆಗಿರಬೇಕು ಅಂತ ಪಡೆಯುವವರು ಕೇಳಬಹುದು. ಹಾಗಿದ್ದರೆ ಹಳೆಯದರ ಮೇಲೆ ಹಾಕಿಸಿದ್ದೆಲ್ಲ ದಂಡ ಅಲ್ವಾ? ಹೊಸ ಪ್ರತಿ ತೆಗೆಸಿಯೇ ಶುರು ಮಾಡಿ. ಜೊತೆಗೆ ಪಾಸ್‌ಪೋರ್ಟಿನ ಹೆಸರು, ಕಾಗದದ ಹೆಸರು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಈಗಲೇ ಸರಿ ಮಾಡಿಸಿ. ಅಪೋಸ್ಟಿಲ್ ಹೆಸರಿನ ತಪ್ಪನ್ನು ತಿದ್ದುವುದಿಲ್ಲ.

ಆಮೇಲೆ ದೇಶ ನೋಡಿ. ಕಾಗದ ಕೊಟ್ಟ ದೇಶ, ಅದು ಹೋಗುವ ದೇಶ ಎರಡೂ ಒಪ್ಪಂದದಲ್ಲಿದ್ದರೆ ಅಪೋಸ್ಟಿಲ್ ಸಾಕು. ರಾಯಭಾರ ಕಚೇರಿಯ ಸೀಲು ಬೇಡ. ಹಳೆಯ ಮಾಹಿತಿ ನಂಬಬೇಡಿ. ಸೌದಿ ಅರೇಬಿಯಾದಲ್ಲಿ ಇದು ಜಾರಿಗೆ ಬಂದಿದ್ದು 2022ರ ಡಿಸೆಂಬರ್‌ನಲ್ಲಿ, ಚೀನಾದಲ್ಲಿ 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ. ಹೊಸದಾಗಿ ಸೇರಿದ ದೇಶದ ಬಗ್ಗೆ ಹಳೆಯ ಸದಸ್ಯ ದೇಶ ಆಕ್ಷೇಪ ಎತ್ತಿದ್ದರೆ ಆ ಇಬ್ಬರ ನಡುವೆ ಅಪೋಸ್ಟಿಲ್ ನಡೆಯುವುದಿಲ್ಲ. ಈ ಒಪ್ಪಂದವನ್ನು ನೋಡಿಕೊಳ್ಳುವ ಸಂಸ್ಥೆಯಾದ ಹೇಗ್ ಸಮ್ಮೇಳನದ (HCCH) ವೆಬ್‌ಸೈಟಿನಲ್ಲಿ ದೇಶಗಳ ಪಟ್ಟಿ ಇದೆ, ಅಲ್ಲೇ ಆಕ್ಷೇಪಗಳೂ ಸಿಗುತ್ತವೆ. ಎರಡರಲ್ಲಿ ಒಂದು ದೇಶ ಒಪ್ಪಂದದ ಹೊರಗಿದ್ದರೆ ದಾರಿ ಉದ್ದ: ಕಾಗದದ ದೇಶದ ವಿದೇಶಾಂಗ ಇಲಾಖೆ, ಆಮೇಲೆ ಹೋಗುವ ದೇಶದ ರಾಯಭಾರ ಕಚೇರಿ. ಒಂದೊಂದು ಸೀಲೂ ಅದರ ಹಿಂದಿನ ಸಹಿಯನ್ನು ಗುರುತಿಸುತ್ತಾ ಹೋಗುತ್ತದೆ. ನಡುವೆ ಒಂದು ಬಿಟ್ಟರೆ ಮುಂದಿನವರು ಮುಟ್ಟುವುದಿಲ್ಲ.

ಅಪೋಸ್ಟಿಲ್ ಕೊಡುವುದು ಕಾಗದ ಹುಟ್ಟಿದ ದೇಶ, ನೀವು ಈಗ ಇರುವ ದೇಶ ಅಲ್ಲ. ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಓದಿದ್ದರೆ ಎರಡು ಕಡೆಗೂ ಕಾಗದ ಕಳಿಸಬೇಕು. ಅಪೋಸ್ಟಿಲ್ ಕೊಡುವ ಕಚೇರಿಯಲ್ಲಿ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿಯ ಮಾದರಿ ಸಹಿ ಇಲ್ಲದಿದ್ದರೆ ಮೊದಲು ಬೇರೆ ಇಲಾಖೆಯ ದೃಢೀಕರಣ ಕೇಳಬಹುದು. ಅದಕ್ಕೂ ದಿನ ಇಟ್ಟುಕೊಳ್ಳಿ.

ಅನುವಾದದಲ್ಲೂ ಅದೇ ಸಹಿಯ ಪ್ರಶ್ನೆ. ಅಪೋಸ್ಟಿಲ್ ಆದ ಮೇಲೆ ಅನುವಾದ ಮಾಡಿಸಿದರೆ ಅಪೋಸ್ಟಿಲ್‌ನ ಸಾಲುಗಳೂ ಅದರಲ್ಲಿ ಬರುತ್ತವೆ. ಅನುವಾದಕರ ಸಹಿಗೂ ಬೇರೆ ದೃಢೀಕರಣ ಬೇಕೇ ಅನ್ನುವುದು ಪಡೆಯುವವರ ಮೇಲೆ ನಿಂತಿದೆ. ಆ ಮೇಲ್‌ನಲ್ಲೇ ಕೇಳಿಬಿಡಿ.

ಎರಡನೇ ಸಲ ನಾನು ಮೂಲ ಪ್ರತಿಯನ್ನೇ ಕೊಟ್ಟೆ. ಪುಣ್ಯಕ್ಕೆ ಲ್ಯಾಮಿನೇಷನ್ ಮಾಡಿಸಿರಲಿಲ್ಲ. ಪ್ಲಾಸ್ಟಿಕ್ ಹಾಕಿದ ಕಾಗದದ ಮೇಲೆ ಸೀಲು ಕೂರುವುದಿಲ್ಲ. ವಾಪಸ್ ಬಂದಾಗ ಅಪೋಸ್ಟಿಲ್ ಹಾಳೆ ಸರ್ಟಿಫಿಕೇಟಿನ ಹಿಂದೆ ಪಿನ್ ಹೊಡೆದು ಅಂಟಿಕೊಂಡಿತ್ತು, ಎರಡೂ ಹಾಳೆಗೆ ತಾಗುವ ಹಾಗೆ ಅರ್ಧ ಅರ್ಧ ಸೀಲು. ಸ್ಕ್ಯಾನ್ ಮಾಡಲು ಆ ಪಿನ್ ಕಿತ್ತಿರೋ, ಬಿಚ್ಚಿ ಬದಲಾಯಿಸಿದ್ದಾರೆ ಅಂತ ಅನುಮಾನ ಬರುತ್ತದೆ. ಹಾಳೆ ಮಡಚಿ, ಪಿನ್ ಹಾಗೇ ಬಿಟ್ಟು, ಒಂದೊಂದೇ ಪುಟ ಫೋಟೋ ತೆಗೆದುಕೊಂಡೆ. ಕೊಟ್ಟ ಪ್ರತಿಯೊಂದು ಅಪೋಸ್ಟಿಲ್‌ನ ದಾಖಲೆಯನ್ನೂ ಅದನ್ನು ಕೊಡುವ ಕಚೇರಿ ಇಟ್ಟುಕೊಳ್ಳಲೇಬೇಕು. ಆನ್‌ಲೈನ್ ದಾಖಲೆ ಇದ್ದರೆ ಎಂಟನೇ ಸಾಲಿನ ನಂಬರ್, ಆರನೇ ಸಾಲಿನ ತಾರೀಖು ಹಾಕಿ ನೋಡಬಹುದು. ಕೊರಿಯರ್‌ಗೆ ಕೊಡುವ ಮುಂಚೆ ನಾನು ಹಾಕಿ ನೋಡಿದೆ. ಈ ಸಲ ಎರಡನೇ ಸಾಲಿನಲ್ಲಿ ಕುಲಪತಿಗಳ ಹೆಸರೇ ಇತ್ತು.