ಲೇಬಲ್ ಅಳಿಸಿಹೋದ ಜೇಡ

ಮೊದಲೇ ಹೇಳ್ಬಿಡ್ತೀನಿ, ನಾನು ಸೈಂಟಿಸ್ಟ್ ಅಲ್ಲ. ಮೂಡಿಗೆರೆ ಕಡೆ ಒಂದಿಷ್ಟು ಕಾಫಿ ತೋಟ ಇದೆ, ಆರು ವರ್ಷದಿಂದ ಜಂಪಿಂಗ್ ಸ್ಪೈಡರ್‌ಗಳ ಹಿಂದೆ ಬಿದ್ದಿದೀನಿ ಅಷ್ಟೇ. ಇವು ಬೇಟೆಗೆ ಬಲೆ ನೇಯಲ್ಲ, ಬೆಕ್ಕಿನ ಥರ ಹೊಂಚು ಹಾಕಿ ಹಾರ್ತವೆ, ಕ್ಯಾಮೆರಾ ಹತ್ರ ತಂದ್ರೆ ತಿರುಗಿ ನಮ್ಮನ್ನೇ ನೋಡ್ತವೆ.

ಹುಡುಕೋದು ಹೆಂಗೆ ಅಂದ್ರೆ, ಕೊಡೆ ಬಿಚ್ಚಿ ತಲೆಕೆಳಗು ಮಾಡಿ ಗಿಡದ ಬುಡಕ್ಕೆ ಹಿಡಿಯೋದು, ಕೋಲಲ್ಲಿ ಕೊಂಬೆಗೆ ಎರಡು ಬಿಡೋದು. ಕೊಡೆ ಒಳಗೆ ಹಳೇ ಬಿಳಿ ಪಂಚೆ ತುಂಡು ಹೊಲಿದಿದೀನಿ, ಇಲ್ದಿದ್ರೆ ಮೂರು ಮಿಲಿಮೀಟರ್ ಜೇಡ ಎಲ್ಲಿ ಕಾಣ್ಬೇಕು. ಬಿರುಬಿಸಿಲಲ್ಲಿ ಕೊಡೆ ಮಗುಚಿ ಗಿಡಕ್ಕೆ ಹೊಡೀತಿದ್ರೆ ತೋಟದ ಕೆಲಸದವ್ರು ಮುಖ ಮುಖ ನೋಡ್ಕೊತಾರೆ. ರಿಸರ್ವ್ ಫಾರೆಸ್ಟ್ ಒಳಗೆ ಪರ್ಮಿಷನ್ ಇಲ್ದೆ ಹಿಡಿಯಂಗಿಲ್ಲ, ಹಂಗಾಗಿ ನನ್ನದೇನಿದ್ರೂ ಬೇಲಿ ಒಳಗೆ.

ಮೂರು ವರ್ಷದ ಹಿಂದೆ ಒಂದು ಗಂಡು ಸಿಕ್ತು, ಮುಂಗಾಲಲ್ಲಿ ಕಿತ್ತಳೆ ಬಣ್ಣದ ಪಟ್ಟೆ, ಯಾವ ಫೋಟೋಗೂ ಹೊಂದಲಿಲ್ಲ. 70% ಆಲ್ಕೋಹಾಲ್ ಹಾಕಿದ ಸೀಸೆಗೆ ಬಿಟ್ಟೆ, ಜಾಗ ತಾರೀಕು ಚೀಟಿಯಲ್ಲಿ ಬರೆದು ಒಳಗೇ ಹಾಕ್ದೆ. ಬಾಲ್‌ಪೆನ್ನಲ್ಲಿ! ಮಳೆಗಾಲ ಮುಗಿದ್ಮೇಲೆ ತೆಗೆದು ನೋಡ್ತೀನಿ, ಚೀಟಿ ಬೆಳ್ಳಗೆ, ಆಲ್ಕೋಹಾಲ್ ತಿಳಿ ನೀಲಿ. ಯಾವ ಪ್ಲಾಟು, ಯಾವ ದಿನ, ಒಂದೂ ನೆನಪಿಲ್ಲ. ಎಲ್ಲಿದು ಅಂತ ಗೊತ್ತಿಲ್ದಿರೋ ಜೇಡ ಇಟ್ಕೊಂಡು ಯಾರೂ ಹೊಸ ಪ್ರಭೇದ ಅಂತ ಬರೆಯೋಕಾಗಲ್ಲ. ಈಗೆಲ್ಲ ಪೆನ್ಸಿಲ್ಲೇ.

ಇನ್ನೊಂದು ಸಲ ಗಂಡು ಸಿಕ್ಕಿದಾಗ ಪರಿಚಯದ ಸಂಶೋಧಕರೊಬ್ಬರಿಗೆ ಫೋಟೋ ಕಳ್ಸಿದೆ. ಬಂದ ಉತ್ತರ ಒಂದೇ ಸಾಲು, "ಗಂಡೇನೋ ಸರಿ, ಹೆಣ್ಣೆಲ್ಲಿ?" ಬಣ್ಣ ನೋಡಿ ಜೇಡ ಗುರುತಿಸೋದು ನಂಬಿಕಸ್ತ ಕೆಲಸ ಅಲ್ಲ ಮಾರಾಯ್ರೆ, ಗಂಡಿನ ಬಾಯಿ ಪಕ್ಕ ಬಾಕ್ಸಿಂಗ್ ಗ್ಲೌಸ್ ಥರ ಇರೋ ಪಾಲ್ಪ್, ಹೆಣ್ಣಿನ ಹೊಟ್ಟೆ ಕೆಳಗಿನ ಎಪಿಗೈನ್, ಅಂದ್ರೆ ಕೂಡೋಕಿರೋ ಅಂಗಗಳು, ಇವನ್ನ ಮೈಕ್ರೋಸ್ಕೋಪಲ್ಲಿಟ್ಟು ನೂರು ವರ್ಷದ ಹಳೇ ಚಿತ್ರಗಳ ಜೊತೆ ಹೋಲಿಸ್ಬೇಕು. ಮರಿಯಲ್ಲಿ ಇವೆರಡೂ ಪೂರ್ತಿ ಬೆಳೆದಿರಲ್ಲ, ಸಿಕ್ಕೋದೆಲ್ಲ ಮರಿಗಳೇ.

ಆದ್ರೂ ಆಸೆ ಬಿಡಲ್ಲ. 2023ರಲ್ಲಿ ನಮ್ಮ ತಾಲೂಕಿನ ಮಧುಗುಂಡಿಯಿಂದಲೇ ಪಿಲಿಯಾ ಮಲೆನಾಡು ಅಂತ ಒಂದು ಜಂಪಿಂಗ್ ಸ್ಪೈಡರ್ ಹೊಸದಾಗಿ ದಾಖಲಾಯ್ತು. ಮಾರನೇ ವರ್ಷ ಒಂದು ಕುಲಕ್ಕೇ, ಅಂದ್ರೆ ಹತ್ತಿರದ ಪ್ರಭೇದಗಳ ಗುಂಪಿಗೇ, ತೆಂಕಣ ಅಂತ ಹೆಸರಿಟ್ರು, ಅದರಲ್ಲಿ ದೇವರಾಯನದುರ್ಗದ ಜೇಡಕ್ಕೆ ಜಯಮಂಗಲಿ, ಅಲ್ಲೇ ಹುಟ್ಟೋ ನದಿ ಹೆಸರು. ಲ್ಯಾಟಿನ್ ಪಟ್ಟಿ ಮಧ್ಯೆ ಅದನ್ನ ಓದ್ದಾಗ ಏನೋ ಖುಷಿ.

ಸದ್ಯ ಅಡುಗೆಮನೆ ಕಿಟಕಿ ಮೇಲೆ ಪ್ಲಾಸ್ಟಿಕ್ ಡಬ್ಬಿ ಇದೆ, ಒಳಗೊಂದು ಮರಿ, ಎರಡನೇ ಸಲ ಗಂಡು ಸಿಕ್ಕ ಗಿಡದ್ದೇ. ಕೊಳೆತ ಬಾಳೆಹಣ್ಣಿಗೆ ಬರೋ ಸಣ್ಣ ನೊಣ ಹಿಡಿದು ಹಾಕ್ತೀನಿ. ಪಾಲ್ಪ್ ಇನ್ನೂ ಊದಿಲ್ಲ, ಹೆಣ್ಣಿರ್ಬೇಕು. ನಾಲ್ಕು ದಿನದಿಂದ ನೊಣ ಮುಟ್ಟಿಲ್ಲ, ಮೂಲೆಯಲ್ಲಿ ಬಿಳಿ ಗೂಡು ಕಟ್ಕೊಂಡು ಕೂತಿದೆ, ಪೊರೆ ಬಿಡೋಕಿರ್ಬೇಕು. ಅಮ್ಮ ದಿನಾ ಕೇಳ್ತಾರೆ, "ಆ ಡಬ್ಬಿ ಯಾವಾಗ ಖಾಲಿ ಮಾಡ್ತೀಯ?"