ಸಾವೊ ಪೌಲೊದ ಫಂಕ್‌ಗೆ ನಾನು ಮಿಕ್ಸಿಂಗ್ ಮಾಡುವ ಬಗೆ

ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾಗಳಿಗೆ ಸೌಂಡ್ ನೋಡಿಕೊಳ್ಳುತ್ತಿದ್ದವನು ಮದುವೆಯಾಗಿ ಬ್ರೆಜಿಲ್‌ಗೆ ಬಂದೆ. ಈಗ ಸಾವೊ ಪೌಲೊದ ಮನೆಯಲ್ಲೇ ಕೂತು ಇಲ್ಲಿನ ಫಂಕ್ ಗಾಯಕರ ಹಾಡುಗಳಿಗೆ ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ದನಿ–ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡುತ್ತೇನೆ.

ರಿಯೊ ನಗರದ ಫವೇಲಾ ಎಂಬ ಬಡವರ ಬಡಾವಣೆಗಳಲ್ಲಿ, ಅಮೆರಿಕದ ಮಯಾಮಿ ಬೇಸ್ ಎಂಬ ಕುಣಿತದ ಸಂಗೀತದ ತಾಳದ ಮೇಲೆ ಬೆಳೆದದ್ದು ಈ ಫಂಕ್. ಈ ಬಡಾವಣೆಗಳ ಹುಡುಗರಿಗೆ ದೊಡ್ಡ ಕಂಪನಿ, ಟಿವಿ ಯಾವುದೂ ಸುಲಭಕ್ಕೆ ಎಟುಕುತ್ತಿರಲಿಲ್ಲ. ಯೂಟ್ಯೂಬ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಸಾವೊ ಪೌಲೊ ರಾಜ್ಯದ ಗ್ವಾರುಜಾ ಊರಿನ ನಿರ್ದೇಶಕ ಕೊನ್ರಾಡ್ ದಾಂತಸ್ ತಮ್ಮ ಕೊಂಡ್‌ಜಿಲ್ಲಾ ಚಾನೆಲ್‌ನಲ್ಲಿ ಫಂಕ್ ವಿಡಿಯೊಗಳನ್ನು ಸಿನಿಮಾದಷ್ಟೇ ಕಾಳಜಿಯಿಂದ ಚಿತ್ರೀಕರಿಸಿದರು. ಜರ್ಮನಿಯ ಹಳೆಯ ಸಂಗೀತಕಾರ ಬಾಖ್‌ನ ಕೊಳಲಿನ ತುಣುಕನ್ನು ಬಳಸಿಕೊಂಡ ಗಾಯಕ ಎಂಸಿ ಫಿಯೋಚಿಯ 2017ರ ಹಾಡು ಅಲ್ಲೇ 100 ಕೋಟಿ ವೀಕ್ಷಣೆ ದಾಟಿತು. 2019ರಲ್ಲಿ ದಾಂತಸ್ ಅವರ ‘ಸಿಂಟೋನಿಯಾ’ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂತು. ಸಂಗೀತದ ವಿಡಿಯೊದಿಂದ ಸರಣಿ ನಿರ್ಮಾಣದವರೆಗೆ ಹೀಗೊಂದು ದಾರಿ ಈ ಹುಡುಗರಿಗೆ ಮೊದಲು ಕಾಣುತ್ತಿರಲಿಲ್ಲ.

ನನ್ನ ಕೆಲಸ ಶುರುವಾಗುವುದು ಬೇಸ್‌ನಿಂದ, ಅಂದರೆ ತಗ್ಗು ಸ್ವರಗಳಿಂದ. ಕೇಳುವವರ ಕೈಯಲ್ಲಿರುವುದು ಫೋನು. 50 ಹರ್ಟ್ಜ್‌ನ ಗುಂಯ್‌ಗುಡುವ ಬೇಸ್ ಅದರ ಸ್ಪೀಕರ್‌ನಲ್ಲಿ ಕೇಳಿಸುವುದೇ ಇಲ್ಲ. ಹಾಗಾಗಿ ಬೇಸ್ ಟ್ರ್ಯಾಕ್‌ನ ಇನ್ನೊಂದು ಪ್ರತಿ ಮಾಡಿ, ಅದಕ್ಕೆ ಚೆನ್ನಾಗಿ ಡಿಸ್ಟಾರ್ಷನ್ ಕೊಟ್ಟು (ದನಿಯನ್ನು ಬೇಕೆಂದೇ ಒರಟಾಗಿಸಿ), 200 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸುತ್ತೇನೆ. 250, 300, 350ರ ಹಾರ್ಮೋನಿಕ್‌ಗಳು, ಅಂದರೆ 50ರ ಗುಣಕಗಳಾದ ಮೇಲಿನ ಸ್ವರಗಳು, ಕೇಳಿದರೆ ಸಾಕು, ತಳದ 50ನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಮೂಲ ಟ್ರ್ಯಾಕನ್ನೂ ಕೆಳಗೆ ಉಳಿಸುತ್ತೇನೆ. ಕಾರಿನ ಹಿಂದೆ ಗೋಡೆಯಂತೆ ಸ್ಪೀಕರ್ ಪೇರಿಸಿದ ಪರೆದಾವೊಗಳಲ್ಲಿ ಇದೇ ಹಾಡು ರಾತ್ರಿ ಬೀದಿ ನಡುಗಿಸಬೇಕಲ್ಲ!

ಪಲ್ಲವಿ ಈಗ ಮೊದಲ ಸೆಕೆಂಡುಗಳಲ್ಲೇ ಬರಬೇಕು, ಟಿಕ್‌ಟಾಕ್‌ನ ತುಂಡಿಗೆ ಒಗ್ಗಬೇಕು. ಒಳ್ಳೆಯ ಪೀಠಿಕೆಯನ್ನು ಕತ್ತರಿಸುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ದುಡ್ಡಿನ ವಿಷಯಕ್ಕೆ ಇನ್ನೂ ಹೆಚ್ಚು ಗಮನ ಕೊಡುತ್ತೇನೆ. ಸ್ಪಾಟಿಫೈ 2024ರಿಂದ ವರ್ಷಕ್ಕೆ 1,000 ಸಲವೂ ಪ್ಲೇ ಆಗದ ಧ್ವನಿಮುದ್ರಿಕೆಗೆ ರಾಯಲ್ಟಿ ಕೊಡುತ್ತಿಲ್ಲ. ಹೊಸಬರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಾಗಿರುವಾಗ ಸಿಗಬೇಕಾದ ಬೇರೆ ಹಣವೂ ಕೈತಪ್ಪಬಾರದು. ಹಾಡು ಸಾರ್ವಜನಿಕವಾಗಿ ಪ್ರಸಾರವಾದಾಗ ಬರುವ ಹಣವನ್ನು ಇಲ್ಲಿ ಎಕಾದ್ ಎಂಬ ಸಂಸ್ಥೆ ಸಂಗ್ರಹಿಸಿ, ಸಂಗೀತಗಾರರ ಸಂಘಗಳ ಮೂಲಕ ಹಂಚುತ್ತದೆ. ಧ್ವನಿಮುದ್ರಿಕೆಯ ಪಾಲಿನಲ್ಲಿ ಗಾಯಕರಿಗೆ 41.7%, ನಿರ್ಮಾಪಕರಿಗೆ ಅಷ್ಟೇ, ಪಕ್ಕವಾದ್ಯದವರಿಗೆ 16.6%. ಪ್ರತಿ ಧ್ವನಿಮುದ್ರಿಕೆಯ ಗುರುತಿನ ಸಂಕೇತವಾದ ಐಎಸ್‌ಆರ್‌ಸಿಯ ನೋಂದಣಿಯಲ್ಲಿ ಹೆಸರಿಲ್ಲದ ವಾದಕರಿಗೆ ಆ ಪಾಲು ತಲುಪುವುದಿಲ್ಲ. ಯಾರು ಏನು ನುಡಿಸಿದರೆಂದು ರೆಕಾರ್ಡಿಂಗ್ ದಿನವೇ ಬರೆದಿಡುತ್ತೇನೆ. ತಂಬೂರಿಮ್ ಎಂಬ ಪುಟ್ಟ ಚರ್ಮವಾದ್ಯ ನುಡಿಸಿದ ಹುಡುಗನ ಸಿಪಿಎಫ್ (ಇಲ್ಲಿನ ತೆರಿಗೆ ಗುರುತಿನ) ಸಂಖ್ಯೆ ಸಿಗುವ ತನಕ ಅಂತಿಮ ಫೈಲನ್ನು ಯಾರಿಗೂ ಕಳಿಸುವುದಿಲ್ಲ.